ಬೆರಳ ಸಂದಿನ ಪಾಯಸ

ಸ್ಟಾಫ್ ರೂಮಿನಲ್ಲಿ ನಾನು ಇಂಗ್ಲಿಷ್ ಮೇಡಂ ಆಗಿದ್ದೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು, "ಡಾರ್ಲಿಂಗ್, ಇವತ್ತಾದರೂ ಕೆಲಸ ಮಾಡುವ ಮನಸ್ಸಿದೆಯಾ?" ಎಂದು ಪ್ರಿಂಟರನ್ನು ವಿಚಾರಿಸಿಕೊಳ್ಳುತ್ತಿದ್ದೆ. ನಗುತ್ತಿದ್ದವರೆಲ್ಲ ಒಟ್ಟಿಗೆ ನಗು ನಿಲ್ಲಿಸಿದರು. ಮಿಮಿಕ್ರಿ ಮಾಡುವವನಿಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅಸಲಿ ಮಾಲು ಬಂದು ಬೆನ್ನ ಹಿಂದೆ ನಿಂತಿದೆ.

ಆಗ ನಾನು ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಹುದ್ದೆಯ ಹೆಸರು ಉದ್ದವಿತ್ತು, ಕೆಲಸ ಇಷ್ಟೇ: ವೈಫೈ ಬರುತ್ತಿಲ್ಲ ಎಂದು ಯಾರಾದರೂ ಕೂಗಿದರೆ ಹೋಗಿ ಡಬ್ಬಿಯ ಸ್ವಿಚ್ ಆರಿಸುವುದು, ಗಂಭೀರವಾಗಿ ಸ್ವಲ್ಪ ಹೊತ್ತು ಕಾಯುವುದು, ಮತ್ತೆ ಹಾಕುವುದು. ಉಳಿದ ಹೊತ್ತಿನಲ್ಲಿ ಜನರನ್ನು ಕದಿಯುತ್ತಿದ್ದೆ. ಪ್ರತಿ ವಾಕ್ಯಕ್ಕೂ ಮುಂಚೆ ಗಂಟಲು ಸರಿಮಾಡಿಕೊಂಡು ಕೊನೆಗೆ ವಾಕ್ಯವನ್ನೇ ಮರೆಯುವ ಪ್ರಿನ್ಸಿಪಾಲರು, "ಎರಡೇ ಮಾತು" ಎಂದು ಮೈಕು ಹಿಡಿದು ಇಡ್ಲಿ ತಣ್ಣಗಾಗುವವರೆಗೆ ಬಿಡದ ನಮ್ಮ ಕನ್ನಡ ಕೂಟದ ಹಿರಿಯರು, ಯಾರಿಗೂ ವಿನಾಯಿತಿ ಇರಲಿಲ್ಲ. ನನಗೂ ಇರಲಿಲ್ಲ. ಲಿಫ್ಟಿನಲ್ಲಿ ಯಾವುದಾದರೂ ಹುಡುಗಿ ಸಿಕ್ಕರೆ ನಾನು ಬಾರದ ಫೋನನ್ನು ಕಿವಿಗಿಟ್ಟುಕೊಂಡು "ಯಾ ಯಾ, ಮೀಟಿಂಗ್‌ನಲ್ಲಿದೀನಿ" ಅನ್ನುವುದು ನನ್ನ ಅತಿ ಬೇಡಿಕೆಯ ಐಟಂ.

ನನ್ನಿಂದ ತಪ್ಪಿಸಿಕೊಂಡಿದ್ದವರು ಜಗತ್ತಿನಲ್ಲಿ ಒಬ್ಬರೇ, ನಮ್ಮಪ್ಪ. ಅವರಲ್ಲಿ ಹಿಡಿದುಕೊಳ್ಳಲು ಏನೂ ಇರಲಿಲ್ಲ. ದನಿ ಎತ್ತರವೂ ಅಲ್ಲ, ತಗ್ಗೂ ಅಲ್ಲ. ನಡಿಗೆ ನಡಿಗೆಯಂತೆಯೇ ಇತ್ತು. ಸಮುದ್ರದ ನೀರಿನಿಂದ ಉಪ್ಪು ತೆಗೆದು ಕುಡಿಯುವ ನೀರು ಮಾಡುವ ಅಲ್ ಗುಬ್ರಾದ ಸ್ಥಾವರದಲ್ಲಿ ಅವರು ಎಂಜಿನಿಯರ್. ಆ ಕೆಲಸ ಮಾಡಿ ಮಾಡಿ ಮಾತಿನಿಂದಲೂ ಉಪ್ಪು ತೆಗೆದುಬಿಟ್ಟಿದ್ದಾರೆ ಎಂದು ನಾನು ಎಲ್ಲರ ಮುಂದೆ ಹೇಳಿ ನಗಿಸುತ್ತಿದ್ದೆ. ಅಪ್ಪನೂ ನಗುತ್ತಿದ್ದರು. ಆ ನಗುವಿನಲ್ಲೂ ಹಿಡಿಯಲು ಏನೂ ಇರಲಿಲ್ಲ.

ಸರಿ, ಸ್ಟಾಫ್ ರೂಮಿಗೆ ಬರೋಣ. ಮೇಡಂ ನನ್ನನ್ನು ಬೈಯಲಿಲ್ಲ. ತಲೆಯಿಂದ ಕಾಲಿನವರೆಗೆ ನೋಡಿ, "ನೀನು ನನ್ನ ತಂದೆಯನ್ನು ನೋಡಬೇಕು" ಎಂದರು. "ಅವರೂ ಜೀವಮಾನವಿಡೀ ಇದನ್ನೇ ಮಾಡಿದವರು. ವ್ಯತ್ಯಾಸ ಏನೆಂದರೆ, ಅವರಿಗೆ ಸಂಬಳ ಕೊಡುತ್ತಿದ್ದರು."

ಹೀಗೆ ನಾನು ದೊರೆಯ ಮನೆಗೆ ಹೋದೆ. ದೊರೆ ಅನ್ನುವುದು ನಾನಿಟ್ಟ ಹೆಸರು. ಬ್ರಿಟನ್ನಿನ ಟೀವಿಯಲ್ಲಿ ಪೋಷಕ ನಟರಾಗಿದ್ದವರು. ಅಲ್ಲಿಯ ಚಳಿ ಮೊಣಕಾಲಿಗೆ ಆಗದೆ, ಇಲ್ಲಿ ಪಾಠ ಹೇಳುವ ಮಗಳ ಜೊತೆ ಬಂದು ಇದ್ದರು. ನಾನು ಮನಸ್ಸಿನಲ್ಲಿ ಎತ್ತರದ, ಗದ್ದ ಚೂಪಾದ, ರೇಷ್ಮೆಯ ಗೌನು ತೊಟ್ಟ ಒಬ್ಬರನ್ನು ಸಿದ್ಧ ಮಾಡಿಕೊಂಡಿದ್ದೆ. ಬಾಗಿಲು ತೆಗೆದವರು ಪ್ಲಂಬರನ ಹಾಗಿದ್ದರು. ನಾನು "ಸರ್ ಇದ್ದಾರಾ?" ಎಂದು ಅವರನ್ನೇ ಕೇಳಿದೆ. ಅವರು ಸಂತೋಷದಿಂದ, "ಒಳಗಿದ್ದಾರೆ, ಆದರೆ ನಲ್ಲಿ ಇನ್ನೂ ಸೋರುತ್ತಿದೆ" ಎಂದು ಪ್ಲಂಬರನಾಗಿಯೇ ಉತ್ತರಿಸಿ ನನ್ನನ್ನು ಅಡುಗೆಮನೆಯವರೆಗೆ ಕರೆದುಕೊಂಡು ಹೋದರು. (ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡ ಹಾಕಿದ್ದೇನೆ. ಅವರಿಗೆ ಒಪ್ಪುತ್ತದೆ. ಅವರಿಗೆ ಏನು ಹಾಕಿದರೂ ಒಪ್ಪುತ್ತಿತ್ತು.)

ಅವರ ವೃತ್ತಿಯ ಕಥೆಯೇ ಅದು. ಲ್ಯಾಪ್‌ಟಾಪಿನಲ್ಲಿ ಹಳೆಯ ತುಣುಕುಗಳನ್ನು ಹಾಕಿ, "ಇದು ನಾನು. ಇದೂ ನಾನು. ಈ ಹೆಣ ಕೂಡ" ಎಂದು ತೋರಿಸುತ್ತಾ ಹೋದರು. ಪೋಸ್ಟ್‌ಮನ್, ಪಾದ್ರಿ, ಜಡ್ಜ್, ಕುದುರೆ ಜೂಜಿನವನು, ಮಂತ್ರಿ, ಮಂತ್ರಿಯ ಡ್ರೈವರ್. ಒಂದು ಪೋಲೀಸ್ ಧಾರಾವಾಹಿಯಲ್ಲಿ ಒಂದು ಸಲ ಕಳ್ಳ, ಕೆಲವು ವರ್ಷ ಬಿಟ್ಟು ಅದೇ ಧಾರಾವಾಹಿಯಲ್ಲಿ ವಕೀಲ, ಇನ್ನೂ ಕೆಲವು ವರ್ಷ ಬಿಟ್ಟು ಕೊಲೆಯಾದವನ ತಂದೆ. ಇನ್‌ಸ್ಪೆಕ್ಟರ್ ಮಾತ್ರ ಅದೇ ಮನುಷ್ಯ. "ಅಷ್ಟು ದೊಡ್ಡ ಪತ್ತೇದಾರ, ನನ್ನನ್ನು ಒಂದು ಸಲವೂ ಗುರುತು ಹಿಡಿಯಲಿಲ್ಲ" ಎಂದು ಹೆಮ್ಮೆಯಿಂದ ಹೇಳಿದರು. ಇನ್ನೊಂದರಲ್ಲಿ ಮೀನು ಮಾರುವವನಾಗಿ ಬಹಳ ಕಾಲ ಅನ್ನ ಸಿಕ್ಕಿತ್ತಂತೆ. ಆಮೇಲೆ ಹಬ್ಬದ ಸಂಚಿಕೆಗೆ ಒಂದು ದುಃಖ ಬೇಕಾಗಿ, ಬರೆಯುವವರು ಇವರನ್ನು ಸಮುದ್ರಕ್ಕೆ ತಳ್ಳಿದರು. ಬೀದಿಯಲ್ಲಿ ಜನ ನಿಲ್ಲಿಸಿ ಮಾತಾಡಿಸುತ್ತಿದ್ದರಂತೆ, ಆದರೆ ನಟ ಅಂತ ಅಲ್ಲ. "ನೀವು ನಮ್ಮ ಹಲ್ಲಿನ ಡಾಕ್ಟರಲ್ಲವೇ?" ಎಂದು.

"ಬೇಸರ ಆಗ್ತಿರಲಿಲ್ವಾ ಸರ್?"

"ಯಾಕೆ? ಒಬ್ಬ ಹೆಂಗಸಿಗೆ ಮೂರು ಸಲ ಹಲ್ಲಿನ ಬಗ್ಗೆ ಸಲಹೆ ಕೊಟ್ಟಿದ್ದೇನೆ."

ದೊರೆ ಇಷ್ಟು ನಗಿಸಿದ ಮೇಲೆ ಮೇಡಂ ವಿಷಯಕ್ಕೆ ಬಂದರು. ದೊರೆಗೆ ಬಹಳ ಕಾಲದಿಂದ ಯಾವ ಪಾತ್ರವೂ ಬಂದಿರಲಿಲ್ಲ. ಈಗ ಲಂಡನ್ನಿನ ಏಜೆಂಟ್ ಒಂದು ದೃಶ್ಯ ಕಳಿಸಿದ್ದ. ಈಗೆಲ್ಲ ನಟರು ಹೋಗಿ ಸಾಲಿನಲ್ಲಿ ಕೂರುವುದಿಲ್ಲ, ಮನೆಯಲ್ಲೇ ಫೋನಿನಲ್ಲಿ ಅಭಿನಯಿಸಿ ವಿಡಿಯೋ ಕಳಿಸುತ್ತಾರೆ. ಕ್ಯಾಮೆರಾದ ಈಚೆ ಕುಳಿತು ಎದುರು ಪಾತ್ರದ ಮಾತನ್ನು ಓದಲು ಒಬ್ಬರು ಬೇಕು. ಆ ಒಬ್ಬ ನಾನು.

"ಇದೂ ಬರದಿದ್ದರೆ ಮುಗಿಯಿತು, ಏಜೆಂಟನಿಗೆ ನಟರ ಪಟ್ಟಿಯಿಂದ ನನ್ನ ಫೋಟೋ ಇಳಿಸು ಅನ್ನುತ್ತೇನೆ ಎಂದು ನನಗೆ ಮಾತು ಕೊಟ್ಟಿದ್ದಾರೆ" ಎಂದರು ಮೇಡಂ. ತಂದೆ ಈ ವಯಸ್ಸಿನಲ್ಲಿ ವಿಮಾನ ಹತ್ತಿ ಅಲೆಯುವುದು ಅವರಿಗೆ ಬೇಕಿರಲಿಲ್ಲ. ತಂದೆಯ ಫೋಟೋ ಇಳಿಯುವುದೂ ಬೇಕಿರಲಿಲ್ಲ. ದೊರೆ ಕಿಟಕಿಯ ಕಡೆ ತಿರುಗಿ ಏನೂ ಕೇಳಿಸದ ಮುದುಕನ ಪಾತ್ರ ಮಾಡುತ್ತಿದ್ದರು. ನಾನು ನೋಡಿದ ಅವರ ಪಾತ್ರಗಳಲ್ಲಿ ಕೆಟ್ಟದಾಗಿ ಮಾಡಿದ್ದು ಅದೊಂದೇ.

ದೃಶ್ಯ ಇಷ್ಟು. ಒಬ್ಬ ಮುದುಕ ಅಡುಗೆಮನೆಯಲ್ಲಿ ಬಟ್ಟಲಿನಿಂದ ಏನೋ ತಿನ್ನುತ್ತಿದ್ದಾನೆ. ಮಹಡಿಯ ಬಾಡಿಗೆ ಹುಡುಗನನ್ನು ಹುಡುಕಿಕೊಂಡು ಪೋಲೀಸಿನವನು ಬರುತ್ತಾನೆ. "ಅವನನ್ನು ನೋಡಿದಿರಾ?" ಅನ್ನುತ್ತಾನೆ. ಮುದುಕ "ಇಲ್ಲ" ಅನ್ನುತ್ತಾನೆ. "ನಿನ್ನೆ ಸಂಜೆ ಇಲ್ಲಿಗೆ ಬರಲಿಲ್ಲವೇ?" "ಇಲ್ಲ." ಹುಡುಗ ಮಹಡಿಯಲ್ಲೇ ಅಡಗಿ ಕುಳಿತಿದ್ದಾನೆ, ಅದು ಮುದುಕನಿಗೆ ಗೊತ್ತು. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ಟೀವಿ ನೋಡುವವರಿಗೆ ತಿಳಿಯಬೇಕು, ಎದುರಿಗಿರುವ ಪೋಲೀಸಿಗೆ ತಿಳಿಯಬಾರದು. ಕೈಗೆ ಕೊಟ್ಟಿರುವ ಮಾತು ಮಾತ್ರ "ಇಲ್ಲ".

"ಕಣ್ಣಲ್ಲಿ ಮಾಡಿ ಸರ್" ಎಂದೆ, ದೊಡ್ಡ ನಿರ್ದೇಶಕನ ಹಾಗೆ.

"ಕಣ್ಣಲ್ಲಿ ಎಲ್ಲರೂ ಮಾಡುತ್ತಾರೆ. ಪೋಲೀಸಿಗೂ ಕಣ್ಣಿದೆ" ಎಂದರು.

ಅಭ್ಯಾಸ ಶುರುವಾಯಿತು. ಇಂಥ ಅವಕಾಶ ಬಿಡುತ್ತೇನೆಯೇ? ನನ್ನ ಪೋಲೀಸಿಗೆ ಪ್ರಿನ್ಸಿಪಾಲರ ಗಂಟಲು ಕೊಟ್ಟೆ, ಕೂಟದ ಹಿರಿಯರ ಗತ್ತು ಕೊಟ್ಟೆ, ಊರಿನ ಬಸ್ ಕಂಡಕ್ಟರನ ಅವಸರ ಕೊಟ್ಟೆ. ದೊರೆ ಕೊನೆಯವರೆಗೆ ಕೇಳಿ, "ಪೋಲೀಸು ಬಹಳ ಚೆನ್ನಾಗಿದ್ದಾನೆ, ಅವನನ್ನು ಮನೆಗೆ ಕಳಿಸು. ನನಗೆ ಪ್ರಶ್ನೆ ಕೇಳುವವನೊಬ್ಬ ಸಾಕು" ಎಂದರು. ಅಷ್ಟರಲ್ಲಿ ಮೇಡಂ ಸಾಕಿದ ಎರಡು ನಾಯಿಗಳು ಬೊಗಳಲು ಶುರುಮಾಡಿದ್ದವು. ಆ ಮನೆಯಲ್ಲಿ ಯಾರಾದರೂ ತಮ್ಮದಲ್ಲದ ದನಿಯಲ್ಲಿ ಮಾತಾಡಿದರೆ ಅವು ಸಹಿಸುತ್ತಿರಲಿಲ್ಲ. ದೊರೆ ಪಾತ್ರಕ್ಕಿಳಿದರೆ ಒಂದೆರಡು ಬೊಗಳು, ನಾನು ಇಳಿದರೆ ಸೋಫಾದ ಮೇಲೇ ಹತ್ತುತ್ತಿದ್ದವು. ಕೋಣೆಯಲ್ಲಿ ಕೂಡಿಹಾಕಿದರೆ ಬಾಗಿಲು ಕೆರೆಯುತ್ತಿದ್ದವು. ವಾರವಿಡೀ ಇದೇ ಆಯಿತು. ಶುಕ್ರವಾರ ಸಂಜೆಯೊಳಗೆ ವಿಡಿಯೋ ಲಂಡನ್ನಿಗೆ ಹೋಗಬೇಕಿತ್ತು.

"ನಮ್ಮನೇಲಿ ನಾಯಿ ಇಲ್ಲ ಸರ್" ಎಂದೆ. ಇದ್ದದ್ದು ಅಮ್ಮ. ಅದು ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ.

ಶುಕ್ರವಾರ ಮಧ್ಯಾಹ್ನ ಮೇಡಂ ಕಾರಿನಲ್ಲಿ ದೊರೆಯನ್ನು ಅಲ್ ಗುಬ್ರಾದ ನಮ್ಮ ಮನೆಗೆ ಕರೆತಂದರು. ನಮ್ಮ ಕಟ್ಟಡದ ಕೆಳಗೆ ದಿನಸಿ ಅಂಗಡಿ, ಮಂಗಳೂರು ಕಡೆಯ ಬ್ಯಾರಿ ಕಾಕನದು. ಇಲ್ಲದ ಸಾಮಾನಿಗೆ "ಇಲ್ಲ" ಅನ್ನದೆ "ನಾಳೆ ಉಂಟು" ಅನ್ನುವ ಕಾಕ ನನ್ನ ಹಳೆಯ ಐಟಮ್ಮು. ದೊರೆಯನ್ನು ಕಂಡವರೇ ಗಲ್ಲಾ ಬಿಟ್ಟು ಹೊರಗೆ ಬಂದರು.

"ಇವರನ್ನು ನಾನು ಎಲ್ಲಿಯೋ ಕಂಡಿದ್ದೇನೆ ಮಾರಾಯ. ಸಲಾಲಾದಲ್ಲಿ! ನಾನು ಅಲ್ಲಿ ಪೋರ್ಟಿನ ಹತ್ತಿರ ಅಂಗಡಿಯಲ್ಲಿ ಇರುವಾಗ ಹಡಗಿನ ಒಬ್ಬರು ಎಂಜಿನಿಯರ್ ಬರ್ತಾ ಇದ್ರು. ಇವರೇ. ಕೇಳು ಬೇಕಾದ್ರೆ."

'ಸಲಾಲಾ', 'ಎಂಜಿನಿಯರ್' ಎಂಬ ಎರಡು ಪದ ಹಿಡಿದುಕೊಂಡು, ನಾನು ಕೇಳುವ ಮೊದಲೇ ದೊರೆ ಕಾಕನ ಎರಡೂ ಕೈ ಹಿಡಿದು ಕುಲುಕಿ, ಆ ವರ್ಷದ ಮಳೆ ಎಂಥದ್ದಪ್ಪಾ, ಬಟ್ಟೆಯೇ ಒಣಗುತ್ತಿರಲಿಲ್ಲ ಎಂದರು. ಅವರು ಒಮಾನಿನ ಮಳೆನಾಡಾದ ಸಲಾಲಾವನ್ನು ನಕ್ಷೆಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದವರಲ್ಲ. ಕಾಕ ಕರಗಿಹೋದರು. ಸಲಾಲಾದ್ದೇ ಎಂದು ಆಣೆ ಮಾಡಿ ಒಂದು ಎಳನೀರು ಕೆತ್ತಿ ಕೊಟ್ಟರು. "ಜನ ಹೀಗಿರಬೇಕು ಮಾರಾಯ. ನೀನೂ ಇದ್ದಿ, ನನ್ನನ್ನು ಕಂಡರೆ ಕುಶಾಲು ಮಾಡ್ಲಿಕ್ಕೆ ಮಾತ್ರ."

ಲಿಫ್ಟಿನಲ್ಲಿ ನಾನು, "ಪಾಪ, ಸುಳ್ಳು ಹೇಳಿದ್ರಲ್ಲ ಸರ್" ಎಂದೆ.

"ಅವರಿಗೆ ಆ ಎಂಜಿನಿಯರ್ ಬೇಕಾಗಿದ್ದ. ನಾನು ಖಾಲಿ ಇದ್ದೆ" ಎಂದರು ದೊರೆ, ಎಳನೀರು ಹೀರುತ್ತಾ.

ಮನೆಯಲ್ಲಿ ಹಾಲ್ ಸಿದ್ಧವಾಗಿತ್ತು. ಗೋಡೆಗೆ ನೀಲಿ ಬೆಡ್‌ಶೀಟ್ ಕಟ್ಟಿದ್ದೆ. ಫೋನ್ ನಿಲ್ಲಿಸಲು ಮೇಜಿನ ಮೇಲೆ ಇಡ್ಲಿ ಪಾತ್ರೆ. ಶೂಟಿಂಗ್ ಶುರುಮಾಡೋಣ ಎಂದರೆ ಅಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಂದರು. "ಊಟದ ಹೊತ್ತಲ್ಲಿ ಮನೆಗೆ ಬಂದೋರನ್ನ ಬಟ್ಟೆ ಮುಂದೆ ಕೂರಿಸಿ ಫೋಟೋ ತೆಗೀತೀಯೇನೋ? ಮೊದಲು ಊಟ. ಆಮೇಲೆ ನಿನ್ನ ನಾಟಕ."

"ಅಮ್ಮ, ಸಂಜೆಯೊಳಗೆ ಕಳಿಸ್ಬೇಕು."

"ಸಂಜೆ ಎಲ್ಲೂ ಓಡಿಹೋಗಲ್ಲ. ಬಡಿಸ್ತೀನಿ, ಕೂತ್ಕೊಳ್ಳಿ."

ಅನ್ನ, ಬದನೆಕಾಯಿ ಹುಳಿ, ಹುರುಳಿಕಾಯಿ ಪಲ್ಯ, ಹಪ್ಪಳ, ಹೆಸರುಬೇಳೆ ಪಾಯಸ. ದೊರೆ ಹಪ್ಪಳವನ್ನು ಮುರಿಯುವ ಮೊದಲು ಅಪ್ಪ ಹೇಗೆ ಮುರಿಯುತ್ತಾರೆ ಎಂದು ನೋಡಿದರು. ಹುಳಿ ಕಲಸುವ ಮೊದಲೂ ನೋಡಿದರು. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಅಮ್ಮ ಪಾಯಸದ ಪಾತ್ರೆ ಹಿಡಿದು ಬಂದಾಗ ಅಪ್ಪ "ಬೇಡ ಬೇಡ" ಎಂದು ಬಟ್ಟಲಿನ ಮೇಲೆ ಅಂಗೈ ಮುಚ್ಚಿದರು, ಅಮ್ಮ ಸೌಟು ಆಡಿಸಿ ಮುಂದೆ ಹೋದರು. ನಾನು ಕಂಡದ್ದು ಇಷ್ಟೇ. ದಿನವೂ ಕಂಡದ್ದೂ ಇಷ್ಟೇ. ದೊರೆ ಅದೇ ಹೊತ್ತಿಗೆ ನೀರಿನ ಲೋಟ ಎತ್ತಿಕೊಂಡು ಅದರ ಮೇಲಿನಿಂದ ಅಪ್ಪನ ಬಟ್ಟಲನ್ನು ನೋಡುತ್ತಿದ್ದರು. ಪಾಪ, ಪಾಯಸ ಇನ್ನೂ ಬೇಕೇನೋ ಎಂದುಕೊಂಡೆ.

ಊಟ ಮುಗಿದು, ಎಲ್ಲರೂ ತಮ್ಮ ತಮ್ಮ ಜಾಗ ಹಿಡಿದೆವು. ದೊರೆ ನೀಲಿ ಬಟ್ಟೆಯ ಮುಂದೆ, ನಾನು ಇಡ್ಲಿ ಪಾತ್ರೆಯ ಪಕ್ಕದಲ್ಲಿ, ಮೇಡಂ ನನ್ನ ಹಿಂದೆ, ಅಪ್ಪ ಸೋಫಾದಲ್ಲಿ, ಅಮ್ಮ ಅಡುಗೆಮನೆಯ ಬಾಗಿಲಲ್ಲಿ. ಮುದುಕ ತಿನ್ನಬೇಕಲ್ಲ, ಬಟ್ಟಲಿಗೆ ಪಾಯಸವನ್ನೇ ಹಾಕಿಸಿಕೊಂಡರು. ಶುರುಮಾಡುವ ಮುಂಚೆ ನನಗೊಂದು ಪಾಠವೂ ಆಯಿತು. ಕ್ಯಾಮೆರಾದ ಮುಂದೆ ತಿನ್ನುವ ದೃಶ್ಯ ಬಂದರೆ ತಿನ್ನಬಾರದು. ಒಂದೇ ದೃಶ್ಯವನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಮೊದಲ ಸಲವೇ ಗಬಗಬ ತಿಂದವನು ಸಂಜೆಗೆ ಆಸ್ಪತ್ರೆಯಲ್ಲಿರುತ್ತಾನೆ. ಚಮಚ ಬಟ್ಟಲಿಗಿಳಿಯಬೇಕು, ಬಾಯಿಗೆ ಹೋಗಬೇಕು, ಒಳಗೆ ಹೋಗುವುದು ಒಂದು ಹನಿ.

ಹಾಗೆಯೇ ಮಾಡಿದರು. ಸೋಫಾದಲ್ಲಿ ಅಪ್ಪ ನರಳಿದಂತಾಯಿತು. ಸಕ್ಕರೆ ಕಾಯಿಲೆಯವನ ಎದುರು ಕುಳಿತು ಒಬ್ಬ ಮನುಷ್ಯ ಪಾಯಸ ತಿನ್ನುವ ನಟನೆ ಮಾತ್ರ ಮಾಡುವುದೆಂದರೆ ಅದು ಹಿಂಸೆಯೇ.

ಮೊದಲ ಟೇಕು ಕಣ್ಣಿನಲ್ಲಿ ಜಾಸ್ತಿಯಾಯಿತು. ಅದು ಅವರೇ ಹೇಳಿದ್ದು. ಎರಡನೆಯದರಲ್ಲಿ ಏನೂ ಆಗಲಿಲ್ಲ. ಅದನ್ನೂ ಅವರೇ ಹೇಳಿದರು, ಆದರೆ ಈ ಸಲ ತಮಾಷೆ ಇರಲಿಲ್ಲ. ನನ್ನ ಕಡೆ ನೋಡದೆ, "ಎಷ್ಟು ಸಾವಿರ ಸಲ 'ಇಲ್ಲ' ಅಂದಿರಬಹುದು ಇದುವರೆಗೆ. ಇವತ್ತು ಒಂದು ಸಿಗುತ್ತಿಲ್ಲ ನೋಡು" ಎಂದರು. ಮೇಡಂ ಗಡಿಯಾರ ನೋಡಲಿಲ್ಲ, ನೋಡದೆ ಇರಲು ಕಷ್ಟಪಟ್ಟರು. ನಾನು ಒಂದು ಜೋಕು ಹುಡುಕಿದೆ. ಸಿಗಲಿಲ್ಲ.

ಇನ್ನೊಂದು ಸಲ ಶುರುಮಾಡಿದೆವು. ಮನಸ್ಸು ಎಲ್ಲಿತ್ತೋ, ಈ ಸಲ ದೊರೆ ತಮ್ಮ ಪಾಠವನ್ನು ತಾವೇ ಮರೆತು ಪಾಯಸವನ್ನು ನಿಜವಾಗಿ ತಿನ್ನತೊಡಗಿದರು. ನಾನೂ ಯಾರ ದನಿಯನ್ನೂ ಹಾಕಿಕೊಳ್ಳಲು ಮರೆತಿದ್ದೆ. "ಅವನನ್ನು ನೋಡಿದಿರಾ?" ಎಂದು ಸಪ್ಪೆಯಾಗಿ ಕೇಳಿದೆ. "ಇಲ್ಲ" ಎಂದರು. ಚಮಚ ಬಟ್ಟಲಿನ ತಳ ಕೆರೆಯಿತು.

ಆ ಶಬ್ದ ನಮಗೆಲ್ಲ ಬರೀ ಶಬ್ದ. ಅಮ್ಮನಿಗೆ ಅದು ಕರೆ. ಮನೆಗೆ ಬಂದವರ ಬಟ್ಟಲು ಖಾಲಿಯಾಗಿ ತಳ ಕೆರೆಯುವುದನ್ನು ಕೇಳಿಯೂ ಅಡುಗೆಮನೆಯ ಬಾಗಿಲಲ್ಲಿ ನಿಂತಿರುವ ಶಕ್ತಿ ಅವರಿಗಿಲ್ಲ. ನಾನು "ನಿನ್ನೆ ಸಂಜೆ ಇಲ್ಲಿಗೆ ಬರಲಿಲ್ಲವೇ?" ಎಂದು ಕೇಳುತ್ತಿರುವಾಗ ಬಳೆ ಸದ್ದಾಯಿತು. ನೀಲಿ ಬಟ್ಟೆಯ ಮುಂದೆ, ಫೋನಿನ ಚೌಕಟ್ಟಿನ ಒಳಕ್ಕೆ, ಒಂದು ಕೈ ಮತ್ತು ಒಂದು ಸೌಟು ಬಂದವು. "ಇನ್ನೊಂಚೂರು ಹಾಕ್ಕೊಳ್ಳಿ."

ದೊರೆ ತಲೆ ಎತ್ತಲಿಲ್ಲ. ಬಟ್ಟಲಿನ ಮೇಲೆ ಅಂಗೈ ಮುಚ್ಚಿದರು. ನನಗೆ ಉತ್ತರ ಕೊಟ್ಟರು: "ಇಲ್ಲ." ಅಮ್ಮ ಹೇಗೋ ಪಾಯಸ ಹಾಕಿ ಹೊರಟುಹೋದರು. ದೊರೆ ಚಮಚ ಎತ್ತಿಕೊಂಡು, ಏನೂ ಆಗದವರ ಹಾಗೆ, ಮುಂದಿನ ಮಾತಿಗೆ ಕಾದರು. ನಾನು ಎಲ್ಲಿದ್ದೇನೆಂಬುದೇ ಮರೆತಿತ್ತು. ಕೊನೆಗೆ ಹೇಗೋ ದೃಶ್ಯ ಮುಗಿಸಿ ಫೋನ್ ನಿಲ್ಲಿಸಿದೆ.

"ಅಮ್ಮಾ!"

"ಏನೋ? ಖಾಲಿ ಬಟ್ಟಲು ಕೆರೀತಾ ಕೂತಿದ್ರು ಪಾಪ. ನೋಡ್ಕೊಂಡು ಸುಮ್ನಿರಕ್ಕಾಗತ್ತಾ?"

ಮೇಡಂ ಸೋತ ದನಿಯಲ್ಲಿ, ಚೌಕಟ್ಟಿನಲ್ಲಿ ನಟನ ಹೊರತು ಬೇರೆ ಯಾರೂ ಕಾಣಬಾರದೆಂಬುದು ನಿಯಮ, ಇನ್ನೊಂದು ಸಲ ಮಾಡಿಬಿಡೋಣ ಎಂದರು. ದೊರೆ ಫೋನ್ ಕೊಡು ಎಂದು ಕೈ ಚಾಚಿದರು. ನೋಡಿದರು. ಮತ್ತೆ ನೋಡಿದರು. ಆಮೇಲೆ ಅಮ್ಮನನ್ನು ಕೇಳು ಎಂದು ನನಗೆ ಹೇಳಿದರು. "ನಾನು ಬೇಡ ಎಂದು ಕೈ ಅಡ್ಡ ಇಟ್ಟೆನಲ್ಲ, ಆದರೂ ಯಾಕೆ ಹಾಕಿದರು?"

ನಾನು ಕನ್ನಡಕ್ಕೆ ತಂದೆ. ಅಮ್ಮ ಕಕ್ಕಾಬಿಕ್ಕಿಯಾದರು. ಇದನ್ನೂ ಕೇಳುತ್ತಾರಾ ಎನ್ನುವ ಮುಖ. "ಬೆರಳು ಬಿಟ್ರಲ್ಲ" ಎಂದರು.

"ಏನು?"

"ಕೈ ಮುಚ್ಚಿದ್ರು, ಬೆರಳು ಬಿಟ್ರು. ಸಂದಿ ಬಿಟ್ರೆ ಹಾಕು ಅಂತ. ಬಾಯಲ್ಲಿ ಏನಾದ್ರೂ ಅನ್ಲಿ."

ನಾನು ಇಂಗ್ಲಿಷಿಗೆ ತರುವ ಮೊದಲೇ ದೊರೆಗೆ ಅರ್ಥವಾಗಿತ್ತು. ನನ್ನ ಕಡೆ ತಿರುಗಿದರು. "ನೀನು ಪೋಲೀಸು. ನನ್ನ ಎದುರಿಗೇ ಇದ್ದೆ. ನಿನಗೆ ಕಂಡಿತಾ?"

"ಇಲ್ಲ" ಎಂದೆ. ಅದು ಆ ದಿನದ ಅತ್ಯಂತ ಪ್ರಾಮಾಣಿಕ "ಇಲ್ಲ" ಆಗಿತ್ತು.

"ನೋಡುವವರಿಗೆ ತಿಳಿಯಿತು, ಪೋಲೀಸಿಗೆ ತಿಳಿಯಲಿಲ್ಲ" ಎಂದು ಮಗಳಿಗೆ ಹೇಳಿ, ದೊರೆ ಎದ್ದು ಸೋಫಾದ ಹತ್ತಿರ ಹೋದರು. ಅಪ್ಪನ ಮುಂದೆ ನಿಂತು ಸ್ವಲ್ಪ ಬಾಗಿದರು. "ಇದು ನಿಮ್ಮದು. ಊಟದ ಹೊತ್ತಿನಲ್ಲಿ ಕದ್ದೆ."

ಹಾಲಿನಲ್ಲಿ ಇದ್ದವರೆಲ್ಲ ಅಪ್ಪನ ಕೈ ನೋಡಿದೆವು. ಅಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡರು. "ನೋ ಪ್ರಾಬ್ಲಂ ಸರ್" ಎಂದರು.

ಎಷ್ಟು ವರ್ಷದಿಂದ ನಡೆದಿತ್ತೋ ಆ ವ್ಯವಹಾರ! ಡಾಕ್ಟರು ಕೇಳಿದರೆ ಅಪ್ಪ ಬೇಡವೆಂದು ಕೈ ಮುಚ್ಚಿದ್ದು ನಿಜ. ಬೇಡವೆಂದ ಕೂಡಲೇ ಅಮ್ಮ ಸೌಟು ಆಡಿಸಿ ಮುಂದೆ ಹೋದದ್ದೂ ನಿಜ. ಪಾಯಸ ತಾನಾಗಿ ಬೆರಳ ಸಂದಿನಿಂದ ಇಳಿದರೆ ಯಾರೇನು ಮಾಡುತ್ತಾರೆ? ಊರೆಲ್ಲ ಕದ್ದು ತಂದು ಆಡಿಸುತ್ತಿದ್ದ ನಾನು ಅದೇ ಮೇಜಿನಲ್ಲಿ ಕುಳಿತು ಹಪ್ಪಳ ಮುರಿಯುತ್ತಿದ್ದೆ. ಬೇರೆ ದೇಶದಿಂದ ಒಬ್ಬ ಬಂದು ಒಂದೇ ಊಟದಲ್ಲಿ ಎತ್ತಿಕೊಂಡು ಹೋದ.

ವಿಡಿಯೋ ಕಳಿಸುವಾಗ ಮೇಡಂ ಮತ್ತೊಮ್ಮೆ ಕೇಳಿದರು, ಸೌಟು ಕಾಣುತ್ತದೆ, ಬಳೆ ಕಾಣುತ್ತದೆ, ನಗುತ್ತಾರೆ ಅಲ್ಲಿ. "ನಕ್ಕರೆ ಕೊನೆಯವರೆಗೆ ನೋಡಿದ್ದಾರೆ ಎಂದು ಅರ್ಥ" ಎಂದರು ದೊರೆ. ಗುಂಡಿಯನ್ನು ಅವರೇ ಒತ್ತಿದರು. ಹೋಯಿತೋ ಇಲ್ಲವೋ ಎಂದು ಇನ್ನೆರಡು ಸಲ ಫೋನ್ ನೋಡಿದರು. ಅದು ಯಾವ ಪಾತ್ರದ್ದೂ ಅಲ್ಲ ಎಂದು ನನಗೆ ಗೊತ್ತಾಯಿತು.

ಮುಂದಿನ ದಿನಗಳಲ್ಲಿ ಎರಡು ಮನೆಗಳಲ್ಲಿ ಎರಡು ಥರದ ಸಂಕಟ. ಅಲ್ಲಿ ದೊರೆ ಫೋನಿನ ಪಕ್ಕ ಕುಳಿತು ಫೋನಿಗೆ ಕಾಯದವರ ಹಾಗೆ ನಟಿಸುತ್ತಿದ್ದರು, ನಾಯಿಗಳು ಬೊಗಳುತ್ತಿದ್ದವು. ಇಲ್ಲಿ ಅಮ್ಮ ಪಾಯಸ ನಿಲ್ಲಿಸಿದರು. ಗುಟ್ಟು ಗುಟ್ಟಾಗಿರುವವರೆಗೆ ಸರಿ. ಈಗ ಮಗನಿಗೆ ಗೊತ್ತು, ಮಗನ ಶಾಲೆಯ ಮೇಡಂಗೆ ಗೊತ್ತು, ಲಂಡನ್ನಿಗೂ ಹೋಗಿದೆ. "ಎಲ್ಲರೂ ನೋಡಿದ ಮೇಲೆ ಹಾಕಕ್ಕೆ ನನಗೆ ಕೈ ಬರಲ್ಲ" ಎಂದರು. ಅಪ್ಪ ಒಂದು ದಿನ ಅಭ್ಯಾಸಬಲದಿಂದ ಖಾಲಿ ಬಟ್ಟಲಿನ ಮೇಲೆ ಕೈ ಮುಚ್ಚಿದರು. ಅಮ್ಮ ಮಜ್ಜಿಗೆ ಸುರಿದರು.

ಉತ್ತರ ಬಂದಾಗ ನಾನು ಶಾಲೆಯಲ್ಲಿ ಯಾವುದೋ ಡಬ್ಬಿಯ ಸ್ವಿಚ್ ಆರಿಸಿ ಗಂಭೀರವಾಗಿ ಕಾಯುತ್ತಿದ್ದೆ. ಮೇಡಂ ಕಾರಿಡಾರಿನಲ್ಲಿ ಓಡಿ ಬಂದರು. ಅವರು ಓಡಿದ್ದನ್ನು ಯಾರೂ ನೋಡಿರಲಿಲ್ಲ. ತಕ್ಷಣ ಕದ್ದಿಟ್ಟುಕೊಂಡೆ. "ಕೊಟ್ಟರು" ಎಂದರು. "ಆ ಕೈಯಿಂದಾಗಿಯೇ ಕೊಟ್ಟರಂತೆ. ಆಮೇಲೆ, ಓದಿದವನು ಯಾರು ಎಂದೂ ಕೇಳಿದ್ದಾರೆ."

ನನ್ನ ಎದೆ ಉಬ್ಬಿತು. "ಏನಂತೆ?"

"ಬಹಳ ಚೆನ್ನಾಗಿ ಓದಿದ್ದಾನೆ, ಅವನು ಇದ್ದದ್ದೇ ಗೊತ್ತಾಗಲಿಲ್ಲವಂತೆ."

ದೊರೆ ವಿಮಾನ ಹತ್ತಿ ಹೋದರು, ಮೊಣಕಾಲಿಗೆ ಬೆಚ್ಚಗಿನ ಪಟ್ಟಿ ಕಟ್ಟಿಕೊಂಡು. ಕೆಲಸ ಮುಗಿಸಿ ಬಂದರು. ಆ ಸಂಚಿಕೆ ಬಂದ ಶುಕ್ರವಾರ ಎಲ್ಲರೂ ನಮ್ಮ ಮನೆಯಲ್ಲೇ ಸೇರಿದೆವು. ಕಾಕನೂ ಅಂಗಡಿಗೆ ಯಾರನ್ನೋ ಕೂರಿಸಿ ಬಂದರು. ಟೀವಿಯಲ್ಲಿ ಮುದುಕ ಕಾಣಿಸಿಕೊಂಡ ಕೂಡಲೇ, "ನೋಡು, ನೋಡು! ಎಲ್ಲಿಯೋ ಕಂಡಿದ್ದೇನೆ ಅಂತ ನಾನು ಹೇಳ್ಲಿಲ್ವಾ? ಸಲಾಲಾದ ಎಂಜಿನಿಯರ್ ಟೀವಿಗೂ ಹೋದ್ರಾ ಮಾರಾಯ!" ಎಂದು ತೊಡೆ ತಟ್ಟಿದರು. ಆ ಎಂಜಿನಿಯರ್ ಪಕ್ಕದಲ್ಲೇ ಕುಳಿತು ತಲೆಯಾಡಿಸಿದರು.

ಪರದೆಯಲ್ಲಿ ಮುದುಕನಿಗೆ ಈಗ ಒಬ್ಬಳು ಹೆಂಡತಿ ಇದ್ದಳು. ಅವಳನ್ನು ಆಮೇಲೆ ಸೇರಿಸಿದ್ದಂತೆ. ಬಟ್ಟಲಿಗೆ ಸೂಪು ಹಾಕಲು ಬಂದಳು. ಪೋಲೀಸು ಕೇಳಿದ. ಮುದುಕ ಕೈ ಮುಚ್ಚಿ "ಇಲ್ಲ" ಎಂದ. ಬೆರಳುಗಳು ಇಷ್ಟೇ ಇಷ್ಟು ಬಿಟ್ಟುಕೊಂಡವು. ಅವಳು ಸುರಿದಳು. ಅಷ್ಟೇ, ದೃಶ್ಯ ಮುಂದೆ ಹೋಯಿತು. ನಾನು ಪ್ರಿನ್ಸಿಪಾಲರ ಥರ ಗಂಟಲು ಸರಿಮಾಡಿಕೊಂಡೆ. ಆ ಮುದುಕ ದೊರೆಯ ಮುಖ ಹೊತ್ತಿದ್ದ, ಇಂಗ್ಲಿಷ್ ಮಾತಾಡಿದ, ಕೈ ಮಾತ್ರ ನಮ್ಮ ಮನೆಯದು.

ಅಮ್ಮ ಕಣ್ಣು ಒರೆಸಿಕೊಂಡು, "ಸುರಿಯೋದು ಬರಲ್ಲ ಅವಳಿಗೆ. ಬೆರಳಿಗೆ ಚೆಲ್ಲಿಬಿಟ್ಟಳು" ಎಂದರು. ಆ ಸಂತೋಷಕ್ಕೆ ಎದ್ದು ಒಳಗೆ ಹೋಗಿ ಪಾಯಸ ತಂದರು. ಬಹಳ ದಿನದ ಮೇಲೆ ಮಾಡಿದ್ದು. ಅಪ್ಪನ ಮುಂದೆ ಬಂದು ನಿಂತರು. ಎಲ್ಲರ ಕಣ್ಣೂ ಅಪ್ಪನ ಕೈ ಮೇಲೆ. ಪಾಪ, ಏನು ಮಾಡಿಯಾರು? ಬಟ್ಟಲಿನ ಮೇಲೆ ಅಂಗೈಯನ್ನು ಮುಚ್ಚಳದ ಹಾಗೆ ಬಿಗಿದರು. ಸೂಜಿ ತೂರುವಷ್ಟೂ ಸಂದಿ ಇರಲಿಲ್ಲ. ಅಮ್ಮ ಒಂದು ಗಳಿಗೆ ಕಾದು ಮುಂದೆ ಹೋದರು. ಪಕ್ಕದಲ್ಲಿದ್ದ ದೊರೆ "ಬೇಡ, ಬೇಡ" ಎಂದು, ನಮ್ಮಿಂದ ಕಲಿತ ಎರಡೇ ಎರಡು ಕನ್ನಡ ಪದ, ತಮ್ಮ ಬಟ್ಟಲಿನ ಮೇಲೆ ಕೈಯಿಟ್ಟು ಐದೂ ಬೆರಳನ್ನು ಬೀಸಣಿಗೆಯಂತೆ ಬಿಚ್ಚಿದರು. ಅಮ್ಮ ಅಂಚಿನವರೆಗೆ ತುಂಬಿದರು.

ಟೀವಿಯಲ್ಲಿ ಪೋಲೀಸು ಮಹಡಿ ಹತ್ತುತ್ತಿದ್ದ. ಎಲ್ಲರೂ ಅತ್ತ ನೋಡುತ್ತಿದ್ದೆವು. ಸೋಫಾದ ಕಡೆಯಿಂದ ಸ್ಟೀಲು ಬಟ್ಟಲು ಮೆಲ್ಲಗೆ ಸರಿದ ಸದ್ದು ಕೇಳಿಸಿತು, ಆಮೇಲೆ ಚಮಚದ್ದು.

ಅಮ್ಮ ತಿರುಗಲಿಲ್ಲ. ಟೀವಿ ನೋಡುತ್ತಲೇ, "ಏನ್ರೀ, ಪಾಯಸ ತಿಂತಿದೀರಾ?" ಎಂದರು.

"ಇಲ್ಲ" ಎಂದು ಸೋಫಾದಿಂದ ಎರಡು ದನಿ ಒಟ್ಟಿಗೆ ಬಂದವು, ಒಂದು ಕನ್ನಡದಲ್ಲಿ, ಇನ್ನೊಂದು ಇಂಗ್ಲಿಷಿನಲ್ಲಿ. ಎಷ್ಟು ಚೆನ್ನಾಗಿ ಹೇಳಿದರೆಂದರೆ ನಾನು, ಪೋಲೀಸು, ನಂಬಿಬಿಟ್ಟೆ.